ಕ್ರೀಡಾ ಕನ್ಕಷನ್ ಮತ್ತು ಕೈರೋಪ್ರ್ಯಾಕ್ಟಿಕ್ ಚಿಕಿತ್ಸೆ

ಆಟದಲ್ಲಿ ತಲೆಗೋ ಕತ್ತಿಗೋ ಮೈಗೋ ಬಿದ್ದ ಪೆಟ್ಟಿನ ರಭಸ ಮಿದುಳಿಗೆ ತಟ್ಟಿ, ಅದರ ಕೆಲಸ ಕೆಲಕಾಲ ಏರುಪೇರಾಗುವುದಕ್ಕೆ ಕ್ರೀಡಾ ಕನ್ಕಷನ್ ಎನ್ನುತ್ತಾರೆ. ಬೆನ್ನುಮೂಳೆಯ ಕೀಲುಗಳನ್ನು ಮುಖ್ಯವಾಗಿ ಕೈಯಿಂದಲೇ ಒತ್ತಿ, ಸಡಿಲಿಸಿ, ನೆಟಿಗೆ ತೆಗೆದು ಉಪಚರಿಸುವ ವೃತ್ತಿ ಕೈರೋಪ್ರ್ಯಾಕ್ಟಿಕ್. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಇದು ಕ್ರೀಡಾಪಟುಗಳ ಆರೈಕೆಯಲ್ಲಿ ಬೇರೂರಿದೆ. ಎರಡೂ ಸಂಧಿಸುವ ಜಾಗ ಕತ್ತು. ಮಿದುಳಿಗಾದ ಗಾಯವನ್ನು ಕೈರೋಪ್ರ್ಯಾಕ್ಟಿಕ್ ವಾಸಿಮಾಡುತ್ತದೆ ಎನ್ನಲು ಆಧಾರವಿಲ್ಲ. ಅದೇ ಪೆಟ್ಟಿನಲ್ಲಿ ನೊಂದ ಕತ್ತಿಗೆ ಕೈಚಿಕಿತ್ಸೆಯಿಂದ ಉಪಯೋಗವಾದೀತು ಎನ್ನಲು ಒಂದಿಷ್ಟು ಆಧಾರವಿದೆ. ಈ ಎರಡು ಮಾತುಗಳನ್ನು ಒಂದೇ ಎಂದುಕೊಂಡಾಗಲೆಲ್ಲ ರೋಗಿಯೂ ಚಿಕಿತ್ಸಕನೂ ದಾರಿ ತಪ್ಪಿದ್ದಾರೆ.

ಪೆಟ್ಟಿನ ಸ್ವರೂಪ

ಕನ್ಕಷನ್ ಆಗಲು ಬುರುಡೆ ಒಡೆಯಬೇಕಿಲ್ಲ, ಪ್ರಜ್ಞೆಯೂ ತಪ್ಪಬೇಕಿಲ್ಲ. ಕ್ರೀಡಾ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದು ಹೆಚ್ಚೆಂದರೆ ಹತ್ತರಲ್ಲಿ ಒಂದು ಸಲ. ತಲೆ ರಪ್ಪನೆ ತಿರುಗಿದಾಗ, ಹಿಂದೆಮುಂದೆ ಹೊಯ್ದಾಡಿದಾಗ ಮಿದುಳಿನ ನರತಂತುಗಳು ಎಳೆತಕ್ಕೆ ಸಿಗುತ್ತವೆ. ನರಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಇದನ್ನು ಸರಿದೂಗಿಸಲು ಕೋಶಗಳಿಗೆ ಗ್ಲೂಕೋಸ್ ಹೆಚ್ಚಾಗಿ ಬೇಕು. ಆದರೆ ಅದೇ ಹೊತ್ತಿಗೆ ಮಿದುಳಿಗೆ ಹರಿಯುವ ರಕ್ತ ತಗ್ಗಿರುತ್ತದೆ. ಕ್ರಿಸ್ಟೋಫರ್ ಗೀಜಾ ಮತ್ತು ಡೇವಿಡ್ ಹೋವ್ಡಾ 2001ರಲ್ಲಿ ವಿವರಿಸಿದ ಈ ಶಕ್ತಿಯ ಅಭಾವ ಸಿ.ಟಿ. ಸ್ಕ್ಯಾನ್‌ನಲ್ಲಾಗಲಿ ಮಾಮೂಲಿ ಎಂ.ಆರ್.ಐ.ಯಲ್ಲಾಗಲಿ ಕಾಣುವುದಿಲ್ಲ. ಸ್ಕ್ಯಾನ್ ಮಾಡಿಸುವುದು ರಕ್ತಸ್ರಾವ, ಮೂಳೆಮುರಿತಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. ಹಾಗಾಗಿ ‘ಸ್ಕ್ಯಾನ್ ನಾರ್ಮಲ್ ಬಂತು, ಆಡಬಹುದು’ ಎನ್ನುವ ತೀರ್ಮಾನ ತಪ್ಪು.

ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ನಿದ್ದೆಗೇಡು, ಸಿಡುಕು ಇದರ ಲಕ್ಷಣಗಳು. ವಯಸ್ಕರಲ್ಲಿ ಬಹುಮಂದಿ ಎರಡು ವಾರದೊಳಗೆ, ಮಕ್ಕಳಲ್ಲಿ ಹೆಚ್ಚಿನವರು ನಾಲ್ಕು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ನಾಲ್ಕು ವಾರ ದಾಟಿದರೂ ಉಳಿಯುವ ತೊಂದರೆಗಳನ್ನು ಹಟಮಾರಿ ಲಕ್ಷಣಗಳೆಂದು ಪರಿಗಣಿಸಿ ಬೇರೆಯಾಗಿಯೇ ನೋಡಬೇಕಾಗುತ್ತದೆ. ಕೈರೋಪ್ರ್ಯಾಕ್ಟರ್ ಬಳಿಗೆ ಹೋಗುವವರಲ್ಲಿ ಇಂಥವರೂ ಇರುತ್ತಾರೆ.

ಕನ್ಕಷನ್ ಕುರಿತ ಅಂತರರಾಷ್ಟ್ರೀಯ ಒಮ್ಮತ 2001ರ ವಿಯೆನ್ನಾ ಸಭೆಯಿಂದ ಶುರುವಾಗಿ ಪ್ರಾಗ್, ಜ್ಯೂರಿಕ್, ಬರ್ಲಿನ್‌ಗಳನ್ನು ದಾಟಿ 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಂಗೆ ಬಂತು. ಈ ಎರಡು ದಶಕಗಳಲ್ಲಿ ಆದ ದೊಡ್ಡ ಬದಲಾವಣೆ ವಿಶ್ರಾಂತಿಯ ಬಗೆಗಿನದು. ಲಕ್ಷಣಗಳೆಲ್ಲ ಹೋಗುವ ತನಕ ಕತ್ತಲೆ ಕೋಣೆಯಲ್ಲಿ ಮಲಗಿರಬೇಕೆಂಬ ಹಳೆಯ ಸಲಹೆ ಈಗ ಮೂಲೆಗೆ ಸರಿದಿದೆ. ಮೊದಲ 24ರಿಂದ 48 ಗಂಟೆ ಮಿತವಾದ ವಿಶ್ರಾಂತಿ, ಆ ಅವಧಿಯಲ್ಲಿ ಮೊಬೈಲ್ ಮತ್ತು ಟಿ.ವಿ. ನೋಡುವುದು ಕಡಿಮೆ, ಆಮೇಲೆ ನಡಿಗೆ, ನಿಂತಲ್ಲೇ ತುಳಿಯುವ ಸೈಕಲ್‌ನಂಥ ಹಗುರ ವ್ಯಾಯಾಮ ಎಂಬುದು ಇಂದಿನ ಕ್ರಮ. ಅಮೆರಿಕದ ಬಫಲೋದ ವೈದ್ಯ ಜಾನ್ ಲೆಡ್ಡಿ ಅವರ ತಂಡ 103 ಮಂದಿ ಹದಿಹರೆಯದ ಕ್ರೀಡಾಪಟುಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಗುರ ವ್ಯಾಯಾಮ ಮಾಡಿದವರ ಚೇತರಿಕೆಯ ಮಧ್ಯಕ ಅವಧಿ 13 ದಿನ; ಬರೀ ಮೈ ಎಳೆದು ಸಡಿಲಿಸುವ ಕಸರತ್ತು ಮಾಡಿದವರದು 17 ದಿನ. ಕೈರೋಪ್ರ್ಯಾಕ್ಟರ್ ಆಗಲಿ ಬೇರೆ ಯಾರೇ ಆಗಲಿ, ಚಿಕಿತ್ಸೆ ಕೊಡುವುದಾದರೆ ಈ ಚೌಕಟ್ಟಿನೊಳಗೇ ಕೊಡಬೇಕು.

ಕತ್ತು ಏಕೆ ಮುಖ್ಯ

ಮಿದುಳನ್ನು ಅಲುಗಿಸುವಷ್ಟು ರಭಸದ ಪೆಟ್ಟು ಕತ್ತನ್ನು ಸುಮ್ಮನೆ ಬಿಡುವುದಿಲ್ಲ. ಕತ್ತು ಉಳುಕಲು ಬೇಕಾದ ವೇಗೋತ್ಕರ್ಷ ಗುರುತ್ವದ ನಾಲ್ಕೈದು ಪಟ್ಟು ಇದ್ದರೆ ಸಾಕು; ಕನ್ಕಷನ್ ಉಂಟುಮಾಡುವ ಪೆಟ್ಟುಗಳಲ್ಲಿ ಹೆಚ್ಚಿನವು ಅರವತ್ತು ಪಟ್ಟಿನಿಂದ ಮೇಲೆಯೇ ದಾಖಲಾಗಿವೆ. ಕೆನಡಾದ ಕೈರೋಪ್ರ್ಯಾಕ್ಟರ್‌ಗಳಾದ ಕ್ಯಾಮರಾನ್ ಮಾರ್ಷಲ್ ಮತ್ತು ಹೊವರ್ಡ್ ವರ್ನನ್, ಬಫಲೋದ ಲೆಡ್ಡಿ ಮೊದಲಾದವರು 2015ರಲ್ಲಿ ಒಟ್ಟಾಗಿ ಬರೆದ ಲೇಖನವೊಂದು ಈ ಲೆಕ್ಕವನ್ನೇ ಮುಂದಿಟ್ಟಿತು. ಕನ್ಕಷನ್ ನಂತರ ತಿಂಗಳುಗಟ್ಟಲೆ ಉಳಿಯುವ ತಲೆನೋವು, ತಲೆಸುತ್ತುಗಳಲ್ಲಿ ಒಂದು ಪಾಲು ಮಿದುಳಿನದಲ್ಲ, ಕತ್ತಿನದು ಎಂಬುದು ಅವರ ವಾದ. ಕೈರೋಪ್ರ್ಯಾಕ್ಟರ್‌ಗಳೂ ಕ್ರೀಡಾವೈದ್ಯರೂ ಒಟ್ಟಿಗೆ ಸಹಿ ಹಾಕಿದ ವಾದವಾದ್ದರಿಂದ ಇದಕ್ಕೆ ತೂಕ ಹೆಚ್ಚು.

ಶರೀರರಚನೆಯೂ ಇದಕ್ಕೆ ಒತ್ತಾಸೆಯಾಗಿದೆ. ಕತ್ತಿನ ಮೇಲ್ಭಾಗದ ಮೊದಲ ಮೂರು ಜೋಡಿ ನರಗಳೂ ಮುಖ ಮತ್ತು ಹಣೆಯ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಹೀಗಾಗಿ ಕತ್ತಿನ ಕೀಲಿನಲ್ಲಿ ಹುಟ್ಟಿದ ನೋವು ಕಣ್ಣಿನ ಹಿಂದೆ, ಹಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ತಲೆಬುರುಡೆಯ ಬುಡದಲ್ಲಿರುವ ಸಣ್ಣ ಸ್ನಾಯುಗಳಲ್ಲಿ, ತಲೆ ಎತ್ತ ತಿರುಗಿದೆ ಎಂದು ಮಿದುಳಿಗೆ ತಿಳಿಸುವ ಸಂವೇದಕಗಳು ದಟ್ಟವಾಗಿವೆ. ಕಣ್ಣು, ಒಳಕಿವಿ, ಕತ್ತು ಈ ಮೂರೂ ಕಳಿಸುವ ಸುದ್ದಿ ಒಂದಕ್ಕೊಂದು ತಾಳೆಯಾದರೆ ಮಾತ್ರ ನಾವು ನೆಟ್ಟಗೆ ನಿಲ್ಲುತ್ತೇವೆ. ಉಳುಕಿದ ಕತ್ತು ತಪ್ಪು ಸುದ್ದಿ ಕಳಿಸಿದರೆ ತಲೆಸುತ್ತು ಬರುತ್ತದೆ, ಓದುವಾಗ ಅಕ್ಷರ ತೇಲುತ್ತದೆ. ಲಕ್ಷಣಪಟ್ಟಿಯನ್ನು ಮಾತ್ರ ನೋಡಿದರೆ ಇದನ್ನು ಕನ್ಕಷನ್‌ನಿಂದ ಬೇರ್ಪಡಿಸುವುದು ಅಸಾಧ್ಯ.

ಬೇರ್ಪಡಿಸಲು ಕೆಲವು ಸರಳ ಪರೀಕ್ಷೆಗಳಿವೆ. ರೋಗಿಯ ತಲೆಗೆ ಪುಟ್ಟ ಲೇಸರ್ ದೀಪ ಕಟ್ಟಿ, ಗೋಡೆಯಿಂದ 90 ಸೆಂಟಿಮೀಟರ್ ದೂರ ಕೂರಿಸಿ, ಕಣ್ಣು ಮುಚ್ಚಿಸಿ, ತಲೆಯನ್ನು ಒಂದು ಬದಿಗೆ ತಿರುಗಿಸಿ ಮತ್ತೆ ಮೊದಲಿನ ಜಾಗಕ್ಕೆ ತರಲು ಹೇಳುತ್ತಾರೆ. ಬೆಳಕಿನ ಚುಕ್ಕೆ ಸುಮಾರು 7 ಸೆಂಟಿಮೀಟರ್‌ಗಿಂತ ಆಚೆ ಬಿದ್ದರೆ, ಅಂದರೆ ನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ತಪ್ಪಿದರೆ, ಕತ್ತಿನ ಸ್ಥಾನಜ್ಞಾನ ಕೆಟ್ಟಿದೆಯೆಂದು ಅರ್ಥ. ಕತ್ತಿನಿಂದ ರೋಗಿಗೆ ಎಷ್ಟು ಅಡಚಣೆಯಾಗುತ್ತಿದೆ ಎಂದು ಅಳೆಯಲು ಜಗತ್ತಿನಾದ್ಯಂತ ಬಳಸುವ ಪ್ರಶ್ನಾವಳಿಯನ್ನು 1991ರಲ್ಲಿ ರೂಪಿಸಿದವರು ಮೇಲೆ ಹೇಳಿದ ವರ್ನನ್ ಮತ್ತು ಅವರ ಸಹೋದ್ಯೋಗಿ ಸಿಲ್ವಾನೋ ಮಿಯೋರ್. ಈ ಕ್ಷೇತ್ರಕ್ಕೆ ಕೈರೋಪ್ರ್ಯಾಕ್ಟಿಕ್ ಕೊಟ್ಟ ನಿರ್ವಿವಾದ ಕೊಡುಗೆಗಳಲ್ಲಿ ಇದೊಂದು.

ಕತ್ತಿನ ಬಲಕ್ಕೂ ಪೆಟ್ಟಿನ ಪರಿಣಾಮಕ್ಕೂ ನಂಟಿದೆ. ಅಮೆರಿಕದ 6,704 ಹೈಸ್ಕೂಲ್ ಆಟಗಾರರನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕತ್ತಿನ ಬಲ ಒಂದು ಪೌಂಡ್ ಹೆಚ್ಚಿದಂತೆಲ್ಲ ಕನ್ಕಷನ್ ಸಂಭವ ಶೇ. 5ರಷ್ಟು ಇಳಿದಿತ್ತು.

ಕೈರೋಪ್ರ್ಯಾಕ್ಟಿಕ್‌ನ ಹಿನ್ನೆಲೆ

1895ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿ, ಅಯಸ್ಕಾಂತ ಚಿಕಿತ್ಸೆ ನಡೆಸುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್ ತನ್ನ ಕಟ್ಟಡದ ಜಾಡಮಾಲಿ ಹಾರ್ವಿ ಲಿಲರ್ಡ್‌ನ ಬೆನ್ನುಮೂಳೆಯನ್ನು ಒತ್ತಿ ಅವನ ಕಿವುಡು ವಾಸಿಮಾಡಿದೆನೆಂದು ಹೇಳಿಕೊಂಡ. ಬೆನ್ನುಮೂಳೆಯ ಮಣಿಗಳು ಸ್ವಲ್ಪ ಜಾರಿ ನರಗಳನ್ನು ಅದುಮುವುದೇ ರೋಗಗಳಿಗೆ ಮೂಲ ಎಂಬ ‘ಸಬ್‌ಲಕ್ಸೇಷನ್’ ಸಿದ್ಧಾಂತ ಅಲ್ಲಿಂದ ಬೆಳೆಯಿತು. ವೃತ್ತಿಯೊಳಗೆ ಅಂದಿನಿಂದಲೂ ಎರಡು ಪಂಗಡ: ಆ ಸಿದ್ಧಾಂತವನ್ನು ನಂಬಿದವರದು ಒಂದು, ಬೆನ್ನು ಮತ್ತು ಕತ್ತುನೋವಿನ ಚಿಕಿತ್ಸೆಗಷ್ಟೇ ತಮ್ಮನ್ನು ಮಿತಿಗೊಳಿಸಿಕೊಂಡವರದು ಇನ್ನೊಂದು. ಬ್ರಿಟನ್ನಿನ ಜನರಲ್ ಕೈರೋಪ್ರ್ಯಾಕ್ಟಿಕ್ ಕೌನ್ಸಿಲ್ 2010ರಲ್ಲಿ, ಸಬ್‌ಲಕ್ಸೇಷನ್ ಎಂಬುದು ಐತಿಹಾಸಿಕ ಕಲ್ಪನೆಯಷ್ಟೇ, ಅದು ರೋಗಕ್ಕೆ ಕಾರಣವೆಂದು ತೋರಿಸುವ ಸಂಶೋಧನೆಯಿಲ್ಲ ಎಂದು ಸ್ಪಷ್ಟಪಡಿಸಿತು. ಕನ್ಕಷನ್ ವಿಷಯದಲ್ಲಿ ಈ ಒಡಕು ನೇರವಾಗಿ ಕಾಣುತ್ತದೆ. ಮೊದಲ ಪಂಗಡದವರು ಕತ್ತಿನ ಮೊದಲ ಮಣಿಯನ್ನು ‘ಸರಿಹೊಂದಿಸಿ’ ಮಿದುಳನ್ನೇ ಸರಿಪಡಿಸುವುದಾಗಿ ಹೇಳಿದರೆ, ಎರಡನೆಯವರು ಕತ್ತುನೋವಿಗೆ ಚಿಕಿತ್ಸೆ ಕೊಟ್ಟು ಉಳಿದುದನ್ನು ವೈದ್ಯರಿಗೆ ಬಿಡುತ್ತಾರೆ.

ಅಮೆರಿಕದ ವೈದ್ಯಸಂಘ ತಮ್ಮನ್ನು ಬಹಿಷ್ಕರಿಸಿದೆಯೆಂದು ಚೆಸ್ಟರ್ ವಿಲ್ಕ್ ಮತ್ತಿತರ ಕೈರೋಪ್ರ್ಯಾಕ್ಟರ್‌ಗಳು 1976ರಲ್ಲಿ ಹೂಡಿದ ದಾವೆಯಲ್ಲಿ 1987ರಲ್ಲಿ ತೀರ್ಪು ಅವರ ಪರ ಬಂತು. ಆಮೇಲೆ ಕ್ರೀಡಾ ತಂಡಗಳ ಬಾಗಿಲು ಇನ್ನಷ್ಟು ಅಗಲವಾಗಿ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಈ ವೃತ್ತಿಯ ಪೂರ್ಣ ತರಬೇತಿಗೆ ಕನಿಷ್ಠ 4,200 ಗಂಟೆಗಳ ಅಧ್ಯಯನ ಬೇಕೆನ್ನುತ್ತದೆ.

ಸಿಡ್ನಿ ಕ್ರಾಸ್ಬಿ ಪ್ರಕರಣ

ಕನ್ಕಷನ್ ಮತ್ತು ಕೈರೋಪ್ರ್ಯಾಕ್ಟಿಕ್ ಎರಡೂ ಜೊತೆಯಾಗಿ ಜಗತ್ತಿನ ಸುದ್ದಿಯಾದದ್ದು ಕೆನಡಾದ ಐಸ್ ಹಾಕಿ ತಾರೆ ಸಿಡ್ನಿ ಕ್ರಾಸ್ಬಿಯಿಂದ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ನಾಯಕನಾಗಿದ್ದ ಆತನಿಗೆ 2011ರ ಜನವರಿ 1ರಂದು ಒಂದು ಪೆಟ್ಟು, ಜನವರಿ 5ರಂದು ಇನ್ನೊಂದು ಪೆಟ್ಟು ಬಿತ್ತು. ಅಷ್ಟರಲ್ಲಿ ಆಡಿದ್ದ 41 ಪಂದ್ಯಗಳಲ್ಲಿ 66 ಅಂಕ ಗಳಿಸಿದ್ದ ಆಟಗಾರ ಆ ಋತುವಿನಲ್ಲಿ ಮತ್ತೆ ಕಣಕ್ಕಿಳಿಯಲಿಲ್ಲ. ತಿಂಗಳುಗಳು ಕಳೆದರೂ ತಲೆನೋವು ಬಿಡದಿದ್ದಾಗ, ಆಗಸ್ಟ್‌ನಲ್ಲಿ ಜಾರ್ಜಿಯಾ ರಾಜ್ಯಕ್ಕೆ ಹೋಗಿ ಟೆಡ್ ಕ್ಯಾರಿಕ್ ಎಂಬ ‘ಕೈರೋಪ್ರ್ಯಾಕ್ಟಿಕ್ ನ್ಯೂರಾಲಜಿಸ್ಟ್’ ಬಳಿ ಚಿಕಿತ್ಸೆ ಪಡೆದ. ಕುರ್ಚಿಗೆ ಬಿಗಿದು ಇಡೀ ದೇಹವನ್ನು ಬೇರೆಬೇರೆ ದಿಕ್ಕುಗಳಲ್ಲಿ ತಿರುಗಿಸುವ ಯಂತ್ರ ಆ ಚಿಕಿತ್ಸೆಯ ಭಾಗವಾಗಿತ್ತು. ಸೆಪ್ಟೆಂಬರ್ 7ರಂದು ನಡೆದ ಪತ್ರಿಕಾಗೋಷ್ಠಿಯಲ್ಲಿ ಕ್ಯಾರಿಕ್ ಮತ್ತು ಪಿಟ್ಸ್‌ಬರ್ಗ್‌ನ ಕನ್ಕಷನ್ ತಜ್ಞ ಮೈಕೆಲ್ ಕಾಲಿನ್ಸ್ ಕ್ರಾಸ್ಬಿಯ ಜೊತೆ ಕೂತರು. ನವೆಂಬರ್ 21ರಂದು ಮರಳಿದ ಕ್ರಾಸ್ಬಿ ಎರಡು ಗೋಲು ಹೊಡೆದು ಇನ್ನೆರಡಕ್ಕೆ ನೆರವಾದ. ಕ್ಯಾರಿಕ್ ಹೆಸರು ಮನೆಮಾತಾಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಕೈರೋಪ್ರ್ಯಾಕ್ಟಿಕ್‌ನ ಪ್ರಚಾರಕರಿಗೆ ಅನುಕೂಲವಾಗುತ್ತಿತ್ತು. ಡಿಸೆಂಬರ್ ಆರಂಭದಲ್ಲಿ ಲಕ್ಷಣಗಳು ಮರುಕಳಿಸಿದವು. 2012ರ ಜನವರಿ ಕೊನೆಗೆ ಲಾಸ್ ಏಂಜಲೀಸ್‌ನ ಬೆನ್ನುಮೂಳೆ ತಜ್ಞ ರಾಬರ್ಟ್ ಬ್ರೇ ತಪಾಸಣೆ ನಡೆಸಿ, ಕತ್ತಿನ ಮೇಲ್ಭಾಗದಲ್ಲಿ ಮೃದು ಅಂಗಾಂಶದ ಗಾಯವಿದೆಯೆಂದು ಕಂಡುಕೊಂಡರು. ಅದಕ್ಕೆ ಚುಚ್ಚುಮದ್ದು ಕೊಡಲಾಯಿತು. ಮಾರ್ಚ್ 15ರಂದು ಕ್ರಾಸ್ಬಿ ಮತ್ತೆ ಆಡಿದ. ತಿರುಗುಯಂತ್ರದಿಂದ ಉಪಕಾರವಾಯಿತೋ, ಎಂಟು ತಿಂಗಳ ಕಾಲವೇ ಮದ್ದಾಯಿತೋ ಒಬ್ಬ ರೋಗಿಯಿಂದ ಹೇಳಲಾಗದು. ಆದರೆ ಒಂದು ವಿಷಯ ಎದ್ದು ಕಾಣುತ್ತದೆ: ಜಗತ್ತಿನ ಅತ್ಯುತ್ತಮ ವೈದ್ಯಕೀಯ ನೆರವು ಕೈಯಳತೆಯಲ್ಲಿದ್ದ ಆಟಗಾರನ ಕತ್ತಿನ ಗಾಯ ಸಾರ್ವಜನಿಕವಾಗಿ ಹೊರಬಿದ್ದದ್ದು ಮೊದಲ ಪೆಟ್ಟಿನ ಒಂದು ವರ್ಷದ ಮೇಲೆ. ಬೆನ್ನುಮೂಳೆಯ ವೃತ್ತಿಯೊಂದರ ಪ್ರತಿನಿಧಿ ಸುದ್ದಿಯಾದದ್ದು ಕತ್ತಿನ ಚಿಕಿತ್ಸೆಗಲ್ಲ, ಮಿದುಳಿನ ಚಿಕಿತ್ಸೆಗೆ ಎನ್ನುವುದು ವಿಪರ್ಯಾಸ.

ಪುರಾವೆ ಎಷ್ಟಿದೆ

ಕೆನಡಾದ ಕ್ಯಾಲ್ಗರಿಯ ಕ್ಯಾಥರಿನ್ ಷ್ನೈಡರ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಯ ಕೇಂದ್ರ. ಕ್ರೀಡಾ ಕನ್ಕಷನ್ ನಂತರ ತಲೆಸುತ್ತು, ಕತ್ತುನೋವು, ತಲೆನೋವು ಬಿಡದಿದ್ದ 12ರಿಂದ 30 ವರ್ಷದ 31 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ವಿಶ್ರಾಂತಿ, ವ್ಯಾಯಾಮ. ಇನ್ನೊಂದಕ್ಕೆ ಅದರ ಜೊತೆ ಕತ್ತಿನ ಕೈಚಿಕಿತ್ಸೆ ಮತ್ತು ಸಮತೋಲನದ ತರಬೇತಿ. ಕೊನೆತನಕ ಉಳಿದವರ ಪೈಕಿ, ಎಂಟು ವಾರದೊಳಗೆ ಆಟಕ್ಕೆ ಮರಳಲು ವೈದ್ಯರ ಒಪ್ಪಿಗೆ ಪಡೆದವರು ಚಿಕಿತ್ಸೆಯ ಗುಂಪಿನಲ್ಲಿ 15ರಲ್ಲಿ 11, ಮತ್ತೊಂದರಲ್ಲಿ 14ರಲ್ಲಿ ಒಬ್ಬರೇ. ಸಣ್ಣ ಪ್ರಯೋಗವಾದರೂ ವ್ಯತ್ಯಾಸ ದೊಡ್ಡದು. ಆಮ್‌ಸ್ಟರ್‌ಡ್ಯಾಂ ಒಮ್ಮತವೂ ತಲೆಸುತ್ತು, ಕತ್ತುನೋವು, ತಲೆನೋವು ಹತ್ತು ದಿನ ಮೀರಿ ಉಳಿದರೆ ಕತ್ತು ಮತ್ತು ಒಳಕಿವಿ ಎರಡಕ್ಕೂ ಸೇರಿಸಿ ಪುನಶ್ಚೇತನ ಚಿಕಿತ್ಸೆ ಕೊಡಲು ಶಿಫಾರಸು ಮಾಡಿದೆ.

ಕೈರೋಪ್ರ್ಯಾಕ್ಟಿಕ್ ಜಾಹೀರಾತುಗಳಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ: ಕ್ಯಾಲ್ಗರಿಯಲ್ಲಿ ಚಿಕಿತ್ಸೆ ಕೊಟ್ಟವರು ಫಿಸಿಯೋಥೆರಪಿಸ್ಟ್‌ಗಳು. ಅಲ್ಲಿ ಕೊಟ್ಟದ್ದೂ ಹಲವು ಉಪಚಾರಗಳ ಮಿಶ್ರಣ, ಬರೀ ನೆಟಿಗೆಯಲ್ಲ. ಕೈರೋಪ್ರ್ಯಾಕ್ಟರ್‌ಗಳು ಕನ್ಕಷನ್ ರೋಗಿಗಳನ್ನು ಉಪಚರಿಸಿದ ಬಗ್ಗೆ ಇರುವ ಬರಹಗಳು ಬಹುಪಾಲು ಒಬ್ಬಿಬ್ಬರು ರೋಗಿಗಳ ವರದಿಗಳು. ತಾನಾಗಿಯೇ ವಾಸಿಯಾಗುವ ಸ್ವಭಾವದ ಕಾಯಿಲೆಯಲ್ಲಿ ಅಂಥ ವರದಿಗಳಿಗೆ ಬೆಲೆ ಕಡಿಮೆ. ಅದೇ ಕೌಶಲವಿರುವ ಕೈರೋಪ್ರ್ಯಾಕ್ಟರ್ ಅದೇ ಬಗೆಯ ಚಿಕಿತ್ಸೆ ಕೊಟ್ಟರೆ ಅದೇ ಫಲ ಸಿಗಬಹುದೆಂಬ ಊಹೆ ಅಸಂಗತವಲ್ಲ. ಆದರೆ ಅದು ಊಹೆ.

ಕತ್ತಿನ ನೆಟಿಗೆಯಿಂದ ಮಿದುಳಿಗೆ ರಕ್ತ ಹೆಚ್ಚು ಹರಿಯುತ್ತದೆ ಎಂಬ ಪ್ರಚಾರವೂ ಇದೆ. ಕೆನಡಾದಲ್ಲಿ ಕೈರೋಪ್ರ್ಯಾಕ್ಟರ್‌ಗಳೇ ಭಾಗಿಯಾಗಿದ್ದ ಪ್ರಯೋಗವೊಂದರಲ್ಲಿ ದೀರ್ಘಕಾಲದ ಕತ್ತುನೋವಿನ 20 ಮಂದಿಯನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿ, ನೆಟಿಗೆಯ ನಂತರ ರಕ್ತಸಂಚಾರದಲ್ಲಿ ಗಮನಾರ್ಹ ಬದಲಾವಣೆಯಿಲ್ಲವೆಂದು 2019ರಲ್ಲಿ ವರದಿ ಮಾಡಿದರು. ರಕ್ತ ಕುಂಠಿತವಾಗುತ್ತದೆಂಬ ಭಯಕ್ಕೂ ಹೆಚ್ಚುತ್ತದೆಂಬ ಆಸೆಗೂ ಅದು ಒಟ್ಟಿಗೇ ಉತ್ತರ.

ಅಪಾಯ

2014ರ ನವೆಂಬರ್ 25ರಂದು ಸಿಡ್ನಿ ಮೈದಾನದಲ್ಲಿ ಬೌನ್ಸರ್ ಒಂದು ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್ ಅವರ ಕತ್ತಿಗೆ ಬಡಿಯಿತು. ವರ್ಟೆಬ್ರಲ್ ಅಪಧಮನಿ ಸೀಳಿ ಮಿದುಳಿನ ಸುತ್ತ ರಕ್ತಸ್ರಾವವಾಗಿ ಎರಡು ದಿನಗಳ ನಂತರ ಅವರು ತೀರಿಕೊಂಡರು. ಕ್ರಿಕೆಟ್ ಪ್ರೇಮಿಗಳೆಲ್ಲ ಬಲ್ಲ ಈ ದುರಂತದ ಕಾರಣವಾದ ನಾಳವೇ ಕತ್ತಿನ ನೆಟಿಗೆಯ ಚರ್ಚೆಯಲ್ಲೂ ಮುಖ್ಯ. ಕತ್ತಿನ ಮಣಿಗಳ ಪಕ್ಕದ ರಂಧ್ರಗಳಲ್ಲಿ ತೂರಿ ಮೇಲೇರುವ ಈ ನಾಳ ಮೊದಲ ಮಣಿಯ ಮೇಲೆ ಸುತ್ತು ಹಾಕಿ ಬುರುಡೆಯೊಳಗೆ ಹೋಗುತ್ತದೆ. ತಲೆ ತಿರುಗುವ ಚಲನೆಯ ಅರ್ಧದಷ್ಟು ಮೊದಲೆರಡು ಮಣಿಗಳ ನಡುವೆಯೇ ನಡೆಯುವುದರಿಂದ ನಾಳಕ್ಕೆ ಅಲ್ಲಿ ಎಳೆತ ಹೆಚ್ಚು.

ನೆಟಿಗೆಯ ನಂತರ ಈ ನಾಳ ಸೀಳಿ ಪಾರ್ಶ್ವವಾಯು ಬಡಿದ ಪ್ರಕರಣಗಳಿವೆ. ಅಪರೂಪ, ಆದರೆ ಗಂಭೀರ. ಕಾರ್ಯಕಾರಣದ ಬಗ್ಗೆ ವಾದವಿದೆ. ಡೇವಿಡ್ ಕ್ಯಾಸಿಡಿ ತಂಡ ಕೆನಡಾದ ಆಂಟೇರಿಯೋ ಪ್ರಾಂತ್ಯದ ದಾಖಲೆಗಳಲ್ಲಿ ಇಂಥ 818 ಪ್ರಕರಣಗಳನ್ನು ಪರಿಶೀಲಿಸಿ, ಪಾರ್ಶ್ವವಾಯುವಿಗೆ ಮುನ್ನ ಕೈರೋಪ್ರ್ಯಾಕ್ಟರ್ ಬಳಿ ಹೋದಂತೆಯೇ ಕುಟುಂಬ ವೈದ್ಯರ ಬಳಿ ಹೋದದ್ದಕ್ಕೂ ನಂಟು ಕಾಣುತ್ತದೆಂದು 2008ರಲ್ಲಿ ತೋರಿಸಿತು. ಅಂದರೆ ಆಗಲೇ ಸೀಳಿದ ನಾಳದ ನೋವಿಗೇ ರೋಗಿ ಚಿಕಿತ್ಸೆ ಹುಡುಕಿಕೊಂಡು ಹೋಗಿರಬಹುದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ, ಕಾರಣವೆಂದು ಸಾಬೀತಾಗಿಲ್ಲದಿದ್ದರೂ ನಂಟಿರುವುದನ್ನು ರೋಗಿಗೆ ಮೊದಲೇ ತಿಳಿಸಬೇಕೆಂದಿತು. ಕ್ಯಾಸಿಡಿಯವರ ವಿವರಣೆ ಸರಿಯೆಂದೇ ಒಪ್ಪಿದರೂ ಕನ್ಕಷನ್ ರೋಗಿಗೆ ಅದರಿಂದ ಸಮಾಧಾನವಿಲ್ಲ. ಆತನ ಕತ್ತಿಗೆ ಆಗಲೇ ಪೆಟ್ಟು ಬಿದ್ದಿದೆ; ನಾಳ ಸೀಳಿರುವ ಸಾಧ್ಯತೆ ಇರುವುದು ಇಂಥವರಲ್ಲೇ. ಹೊಸದಾಗಿ ಹುಟ್ಟಿದ ತೀವ್ರ ಕತ್ತುನೋವನ್ನು ಬರೀ ಉಳುಕೆಂದು ಭಾವಿಸಿ ತಿರುಚುವುದು ಅಪಾಯಕಾರಿ.

ಹೆಚ್ಚುತ್ತಲೇ ಹೋಗುವ ತಲೆನೋವು, ಪದೇಪದೇ ವಾಂತಿ, ತೂಕಡಿಕೆ, ಫಿಟ್ಸ್, ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲು ಜೋಮು ಅಥವಾ ಸೋಲುವುದು, ನಡೆಯುವಾಗ ತೂರಾಡುವುದು ಇವುಗಳಲ್ಲಿ ಯಾವುದಿದ್ದರೂ ರೋಗಿ ಹೋಗಬೇಕಾದದ್ದು ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಚಿಕಿತ್ಸೆಯ ಕ್ರಮ

ಹೊಣೆಯರಿತ ಕೈರೋಪ್ರ್ಯಾಕ್ಟರ್ ಮೊದಲು ಮಾಡುವ ಕೆಲಸ ಚಿಕಿತ್ಸೆಯಲ್ಲ, ಪರೀಕ್ಷೆ. ಮೈದಾನದ ಬದಿಯಲ್ಲಿ ಬಳಸುವ ಸ್ಕ್ಯಾಟ್-6 ಪರೀಕ್ಷೆ ಪೆಟ್ಟಾದ ಮೊದಲ 72 ಗಂಟೆಗಳಲ್ಲಿ ಹೆಚ್ಚು ನಂಬಲರ್ಹ. ಆಮೇಲೆ ಕ್ಲಿನಿಕ್‌ನಲ್ಲಿ ಮಾಡಲು ಸ್ಕೋಟ್-6 ಎಂಬುದಿದೆ. ಕತ್ತಿಗೆ ಎಕ್ಸ್‌ರೇ ಬೇಕೇ ಎಂದು ನಿರ್ಧರಿಸಲು ಕೆನಡಾದ ವೈದ್ಯರು 2001ರಲ್ಲಿ ರೂಪಿಸಿದ ನಿಯಮಾವಳಿಯಿದೆ. ಇವೆಲ್ಲ ಆಗಿ, ಕತ್ತಿನಲ್ಲಿ ತೊಂದರೆ ಇದೆಯೆಂದು ಖಚಿತವಾದರೆ ನಿಧಾನವಾಗಿ ಕೀಲು ಸಡಿಲಿಸುವುದು, ಬಿಗಿದ ಸ್ನಾಯುಗಳನ್ನು ನೀವುವುದು, ಕತ್ತಿನ ಒಳಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮ, ಕಣ್ಣು ಮತ್ತು ತಲೆಯ ಹೊಂದಾಣಿಕೆಯ ಅಭ್ಯಾಸ ಇವುಗಳಿಂದ ಆರಂಭಿಸಬೇಕು. ಲಟಕ್ಕೆಂದು ಸದ್ದು ಬರುವ ವೇಗದ ನೆಟಿಗೆ ಮೊದಲ ದಿನಗಳಿಗೆ ತಕ್ಕದ್ದಲ್ಲ, ಮುಂದೆಯೂ ಅನಿವಾರ್ಯವಲ್ಲ. ಆ ಸದ್ದಿಗೆ ಕಾರಣ ಕೀಲಿನ ದ್ರವದಲ್ಲಿ ಉಂಟಾಗುವ ಅನಿಲದ ಗುಳ್ಳೆ; ಮೂಳೆ ಸ್ವಸ್ಥಾನಕ್ಕೆ ಬಂತೆಂಬುದಕ್ಕೆ ಅದು ಗುರುತಲ್ಲ.

ಆಟಕ್ಕೆ ಮರಳುವ ದಾರಿ ಆರು ಮೆಟ್ಟಿಲಿನದು: ದಿನನಿತ್ಯದ ಚಟುವಟಿಕೆ, ಹಗುರದಿಂದ ಮಧ್ಯಮ ವ್ಯಾಯಾಮ, ಒಬ್ಬರೇ ಮಾಡುವ ಆಟದ ಅಭ್ಯಾಸ, ಮೈ ತಾಗದ ತರಬೇತಿ, ಪೂರ್ಣ ತರಬೇತಿ, ಪಂದ್ಯ. ಒಂದೊಂದಕ್ಕೂ ಕನಿಷ್ಠ 24 ಗಂಟೆ. ನಾಲ್ಕನೆಯ ಮೆಟ್ಟಿಲು ಹತ್ತುವ ಮೊದಲು ಲಕ್ಷಣಗಳೆಲ್ಲ ಹೋಗಿರಬೇಕು. ಕತ್ತುನೋವು ಇಳಿದ ಮಾತ್ರಕ್ಕೆ ಮಿದುಳು ಚೇತರಿಸಿಕೊಂಡಿದೆ ಎಂದಲ್ಲ. ಕೈಚಿಕಿತ್ಸೆಯಿಂದ ತಲೆನೋವು ಶಮನವಾದಾಗ ಆಟಗಾರ ಆತುರಪಡುವ ಸಂಭವ ಹೆಚ್ಚು.

ಯಾರು ಒಪ್ಪಿಗೆ ಕೊಡಬೇಕು

ಒಂದು ಪೆಟ್ಟು ಮಾಯುವ ಮೊದಲೇ ಇನ್ನೊಂದು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಎರವಾಗಬಹುದು. ಒಟ್ಟಾವಾದ 17 ವರ್ಷದ ರಗ್ಬಿ ಆಟಗಾರ್ತಿ ರೋವನ್ ಸ್ಟ್ರಿಂಗರ್ 2013ರ ಮೇ ತಿಂಗಳಲ್ಲಿ ಹೀಗೆ ತೀರಿಕೊಂಡಳು. ಅವಳ ಹೆಸರಿನಲ್ಲಿ 2018ರಲ್ಲಿ ಆಂಟೇರಿಯೋ ತಂದ ಕಾನೂನಿನಡಿ ಕನ್ಕಷನ್ ಶಂಕಿತ ಆಟಗಾರರನ್ನು ಕೂಡಲೇ ಕಣದಿಂದ ಹೊರತರಬೇಕು, ಮರಳಲು ಒಪ್ಪಿಗೆ ನೀಡುವ ತಪಾಸಣೆ ವೈದ್ಯರು ಅಥವಾ ನರ್ಸ್ ಪ್ರಾಕ್ಟೀಷನರ್‌ರಿಂದಲೇ ಆಗಬೇಕು. ಕೈರೋಪ್ರ್ಯಾಕ್ಟರ್‌ಗಳಿಗೆ ಶಾಸನದ ಮಾನ್ಯತೆಯಿರುವ ಪ್ರಾಂತ್ಯದಲ್ಲೇ ಈ ಅಧಿಕಾರ ಅವರಿಗಿಲ್ಲ. ಅಮೆರಿಕದಲ್ಲಿ 2009ರಲ್ಲಿ ವಾಷಿಂಗ್ಟನ್ ರಾಜ್ಯ ಇಂಥ ಮೊದಲ ಕಾನೂನು ಮಾಡಿತು. ಒಪ್ಪಿಗೆ ಕೊಡಬಲ್ಲವರ ಪಟ್ಟಿ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿದೆ. ಚಿಕಿತ್ಸೆ ಕೊಡುವವರೇ ಆಡಬಹುದೆಂದು ಸರ್ಟಿಫಿಕೇಟನ್ನೂ ಕೊಡದಂತೆ ಆಂಟೇರಿಯೋ ಎರಡನ್ನೂ ಬೇರ್ಪಡಿಸಿದ್ದು ಹೆಚ್ಚು ಸುರಕ್ಷಿತ.

ಭಾರತದಲ್ಲಿ

ಭಾರತದಲ್ಲಿ ಕನ್ಕಷನ್ ಎಂಬ ಮಾತು ಜನರ ಬಾಯಿಗೆ ಬಂದದ್ದು ಕ್ರಿಕೆಟ್‌ನಿಂದ. 2019ರ ಆಗಸ್ಟ್‌ನಿಂದ ಐಸಿಸಿ ಕನ್ಕಷನ್ ಆದವರ ಜಾಗದಲ್ಲಿ ಬದಲಿ ಆಟಗಾರನಿಗೆ ಅವಕಾಶ ಕೊಟ್ಟಿತು. ಕರ್ನಾಟಕದ ಮಯಂಕ್ ಅಗರವಾಲ್ 2021ರ ಆಗಸ್ಟ್‌ನಲ್ಲಿ ನಾಟಿಂಗ್‌ಹ್ಯಾಂನ ನೆಟ್ಸ್‌ನಲ್ಲಿ ಸಿರಾಜ್ ಎಸೆದ ಚೆಂಡು ಹೆಲ್ಮೆಟ್ಟಿಗೆ ಬಡಿದು ಮೊದಲ ಟೆಸ್ಟ್ ತಪ್ಪಿಸಿಕೊಂಡರು. ಅವರ ಜಾಗದಲ್ಲಿ ಆರಂಭಿಕನಾಗಿ ಇಳಿದ ಕೆ.ಎಲ್. ರಾಹುಲ್ 84 ರನ್ ಹೊಡೆದರು. ದೊಡ್ಡ ತಂಡಗಳಲ್ಲಿ ಇಂಥ ಎಚ್ಚರವಿದೆ. ಕಬಡ್ಡಿ, ಕುಸ್ತಿ, ಶಾಲಾ ಫುಟ್‌ಬಾಲ್‌ಗಳಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗ ನೀರು ಚಿಮುಕಿಸಿಕೊಂಡು ಮತ್ತೆ ಆಡುವುದೇ ಇನ್ನೂ ರೂಢಿ.

ಕೈರೋಪ್ರ್ಯಾಕ್ಟಿಕ್‌ಗೆ ಇಲ್ಲಿ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ನಗರಗಳಲ್ಲಿ ವಿದೇಶಿ ಪದವಿ ಪಡೆದವರೂ ಅಲ್ಪಾವಧಿ ಕೋರ್ಸ್ ಮುಗಿಸಿದವರೂ ಒಂದೇ ಹೆಸರಿನ ಬೋರ್ಡ್ ಹಾಕಿಕೊಳ್ಳಬಹುದು. ಕತ್ತು ತಿರುಚಿ ಸದ್ದು ಬರಿಸುವ ವಿಡಿಯೋಗಳು ಅವರ ಜಾಹೀರಾತು. ಫಿಸಿಯೋಥೆರಪಿ ಮಾತ್ರ ಸಹಾಯಕ ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯಿದೆಯ ವ್ಯಾಪ್ತಿಯಲ್ಲಿದೆ. ಕತ್ತಿನ ಪುನಶ್ಚೇತನದ ಪುರಾವೆಗಳಲ್ಲಿ ಮುಖ್ಯವಾದದ್ದು ಬಂದಿರುವುದೂ ಫಿಸಿಯೋಥೆರಪಿಸ್ಟ್‌ಗಳ ಕೆಲಸದಿಂದಲೇ. ಹಾಗಾಗಿ ತಲೆಗೆ ಪೆಟ್ಟು ಬಿದ್ದ ಆಟಗಾರನನ್ನು ಮೊದಲು ವೈದ್ಯರಿಗೆ ತೋರಿಸಿ. ಹತ್ತು ದಿನವಾದರೂ ಕತ್ತುನೋವು, ತಲೆಸುತ್ತು ಉಳಿದರೆ ಅವರ ಸಲಹೆಯ ಮೇಲೆ ನುರಿತ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿ. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಕತ್ತಿನ ನೆಟಿಗೆ ತೆಗೆಸುವ ಅಭ್ಯಾಸವಿರುವವರು ಪೆಟ್ಟು ಬಿದ್ದ ಮೇಲಂತೂ ಅದಕ್ಕೆ ಕತ್ತು ಕೊಡಬಾರದು.